ಕೊನೆಯ ಎರಡು ಪುಟ

ಕಳೆದ ವಾರ ಹೊನ್ನಾವರದಿಂದ ಬಂದ ಪರಿಚಯದವರೊಬ್ಬರ ಕೈಯಲ್ಲಿ ಅಮ್ಮ ಜುಮ್ಮನಕಾಯಿ ಕಳಿಸಿದ್ದರು. ಕೊಂಕಣಿಯಲ್ಲಿ ನಾವು ತೆಪ್ಪಳ ಅನ್ನುತ್ತೇವೆ. ಬಂಗಡೆ ಸಾರು ಕುದಿದು ಇಳಿಸುವ ಹೊತ್ತಿಗೆ ನಾಲ್ಕು ಕಾಯಿ ಜಜ್ಜಿ ಹಾಕಿದರೆ ಸಾಕು, ಇಡೀ ಕಟ್ಟಡಕ್ಕೆ ಗೊತ್ತಾಗುತ್ತದೆ. ಪೊಟ್ಟಣ ಒಡೆದು ಗಾಜಿನ ಡಬ್ಬಿಗೆ ಸುರಿಯುವಾಗ ಆ ವಾಸನೆ ಮೂಗಿಗೆ ಅಡರಿತು. ನಾಲಿಗೆಗೆ ತಾಗದೆಯೇ ತುಟಿ ಜುಮ್ಮೆಂದಿತು. ಡಬ್ಬಿಯ ಮುಚ್ಚಳದ ಮೇಲೆ ಕೆಂಪು ಬಣ್ಣದ ಚೀನೀ ಅಕ್ಷರಗಳಿವೆ, ತೊಳೆದೂ ತೊಳೆದೂ ಅರ್ಧ ಅಳಿಸಿಹೋಗಿವೆ. ಅದು ಹಿಂದೆ ನಮ್ಮ ಎದುರು ಮನೆಯಲ್ಲಿದ್ದ ಟೀಚರ್ ಕೊಟ್ಟುಹೋದ ಡಬ್ಬಿ.

ಮುಚ್ಚಳ ಹಾಕಲು ಮನಸ್ಸು ಬರಲಿಲ್ಲ. ಹಾಗೇ ಅಡುಗೆಕಟ್ಟೆಯ ಮೇಲಿಟ್ಟು ಕೂತೆ...

ಆಗ ನಾವು ದುಬೈನ ಇಂಟರ್‌ನ್ಯಾಷನಲ್ ಸಿಟಿಯ ಚೀನಾ ಕ್ಲಸ್ಟರಿನಲ್ಲಿದ್ದೆವು. ಉದ್ದನೆಯ ಕಾರಿಡಾರು, ಎರಡೂ ಬದಿ ಬಾಗಿಲುಗಳು, ಪ್ರತಿ ಬಾಗಿಲಿನ ಎದುರು ಚಪ್ಪಲಿ ರಾಶಿ. ಒಂದು ರಜೆಯ ದಿನ ಮಧ್ಯಾಹ್ನ ನಾನು ಬಂಗಡೆ ಸಾರು ಇಳಿಸುತ್ತಿದ್ದಾಗ ಬೆಲ್ ಆಯಿತು. ವಾಸನೆ ತಡೆಯಲಾಗದೆ ಯಾರೋ ಜಗಳಕ್ಕೆ ಬಂದರು ಅಂದುಕೊಂಡು ಸೆರಗು ಸಿಕ್ಕಿಸಿಕೊಂಡೇ ಬಾಗಿಲು ತೆಗೆದೆ. ಎದುರು ಮನೆಯ ಚೀನೀ ಹೆಂಗಸು ನಿಂತಿದ್ದರು. ಅರವತ್ತು ದಾಟಿದ, ಸಣಕಲು ದೇಹದ, ಕೂದಲನ್ನು ಗಂಡಸರಷ್ಟು ಚಿಕ್ಕದಾಗಿ ಕತ್ತರಿಸಿಕೊಂಡಾಕೆ. ತಮ್ಮ ಮೂಗನ್ನು ತೋರಿಸಿದರು, ಆಮೇಲೆ ನಮ್ಮ ಅಡುಗೆಮನೆಯ ಕಡೆ ಬೆರಳು ಮಾಡಿದರು.

ಒಂದು ಜುಮ್ಮನಕಾಯಿ ಕೈಗೆ ಕೊಟ್ಟೆ. ಹಲ್ಲಿನಲ್ಲಿ ಕಡಿದು ಕಣ್ಣು ಮುಚ್ಚಿದರು. ಕಣ್ಣಿಂದ ನೀರು ಇಳಿಯಿತು. ಖಾರಕ್ಕೇ ಇರಬೇಕು ಎಂದು ನಾನು ನೀರು ತರಲು ಹೋದರೆ ಅವರು ತಮ್ಮ ಮನೆಗೆ ಓಡಿ, ಕೆಂಪು ಅಕ್ಷರದ ಆ ಗಾಜಿನ ಡಬ್ಬಿ ಹಿಡಿದುಕೊಂಡು ಬಂದರು. ಒಳಗೆ ಅವರ ಊರಿನ ಕಾಯಿ. ಸ್ವಲ್ಪ ಚಿಕ್ಕದು, ಸ್ವಲ್ಪ ಕೆಂಪು, ಅದನ್ನು ಬಿಟ್ಟರೆ ನಮ್ಮ ತೆಪ್ಪಳದ ಒಡಹುಟ್ಟಿದ ತಂಗಿ! ನಾನೂ ಒಂದು ಕಡಿದೆ. ಇಬ್ಬರಿಗೂ ತುಟಿ ಮರಗಟ್ಟಿ ಮಾತು ಹೊರಡದೆ ಹೊಸ್ತಿಲಲ್ಲೇ ನಿಂತು ನಕ್ಕೆವು. ಸ್ನೇಹ ಶುರುವಾದದ್ದು ಹೀಗೆ.

ಅಲ್ ಬರ್ಷಾದ ಒಂದು ಸಂಗೀತ ಶಾಲೆಯಲ್ಲಿ ಅವರು ಮಕ್ಕಳಿಗೆ ಪಿಯಾನೊ ಕಲಿಸುತ್ತಿದ್ದರು. ಬಸ್ಸು ಹಿಡಿದು, ಮೆಟ್ರೊ ಹಿಡಿದು ಹೋಗಿ ಸಂಜೆ ಸುಸ್ತಾಗಿ ಬರುತ್ತಿದ್ದರು. ಹಾಗಾಗಿ ನಮಗೆ ಅವರು ಟೀಚರ್. ಅವರು ಬರೀ ಟೀಚರ್ ಅಲ್ಲ ಎಂಬುದು ಗೊತ್ತಾದದ್ದು ಅವರ ಮನೆಯೊಳಗೆ ಕಾಲಿಟ್ಟ ದಿನ. ಒಂದೇ ಕೋಣೆ, ಒಂದು ಮಂಚ, ಒಂದು ಎಲೆಕ್ಟ್ರಿಕ್ ಪಿಯಾನೊ, ಮಿಕ್ಕಲ್ಲೆಲ್ಲ ಕಾಗದ. ಮಂಚದ ಕೆಳಗೆ, ಫ್ರಿಜ್ಜಿನ ಮೇಲೆ, ಇಸ್ತ್ರಿ ಮಾಡುವ ಹಲಗೆಯ ಮೇಲೆ, ಎಲ್ಲೆಲ್ಲೂ ದೊಡ್ಡ ದೊಡ್ಡ ಹಾಳೆಗಳಲ್ಲಿ ಪೆನ್ಸಿಲಿನಿಂದ ಬರೆದ ಸ್ವರಗಳು. ಅವರು ಸಂಗೀತ ರಚಿಸುವವರು. ಹಳೆಯದನ್ನು ನುಡಿಸುವುದಲ್ಲ, ಪಾಶ್ಚಾತ್ಯ ಶಾಸ್ತ್ರೀಯ ವಾದ್ಯಗಳಿಗೆ ಹೊಸದಾಗಿ ಬರೆಯುವುದು.

ಅವರ ಬದುಕಿನ ಕತೆ ನನಗೆ ಸಿಕ್ಕಿದ್ದು ಒಂದೊಂದೇ ತುತ್ತಾಗಿ, ಊಟದ ಜೊತೆಗೆ. ಹುಟ್ಟಿದ್ದು ಚೀನಾದ ಒಂದು ನದಿದಂಡೆಯ ಊರಲ್ಲಿ. ಅಪ್ಪ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವವರು. ಶಾಲೆಯಲ್ಲಿ ಎರಡು ತಂತಿಯ ವಾದ್ಯವೊಂದನ್ನು ಕಲಿತರು, ಅಲ್ಲಿಂದ ಸಂಗೀತ ಕಾಲೇಜು, ಅಲ್ಲಿಂದ ಸ್ಕಾಲರ್‌ಶಿಪ್ಪಿನಲ್ಲಿ ಜರ್ಮನಿ. ಇಪ್ಪತ್ತೈದು ವರ್ಷ ಅಲ್ಲೇ ಇದ್ದರು. ಒಳ್ಳೊಳ್ಳೆಯ ವಾದ್ಯಗಾರರು ಅವರ ಕೃತಿಗಳನ್ನು ನುಡಿಸಿದರು, ಪತ್ರಿಕೆಗಳಲ್ಲಿ ಬಂತು, ಬಹುಮಾನವೂ ಬಂತು. ಆಮೇಲೆ ಹೊಸಬರು ಬಂದರು. ಕರೆಗಳು ಕಡಿಮೆಯಾದವು, ಕೊನೆಗೆ ನಿಂತೇ ಹೋದವು. ದುಬೈಗೆ ಬಂದದ್ದು ಕೆಲಸಕ್ಕಾಗಿ, ನಾವೆಲ್ಲ ಬಂದ ಹಾಗೆಯೇ.

ಅವರ ಹಳೆಯ ರೆಕಾರ್ಡಿಂಗ್ ಒಂದನ್ನು ನಮ್ಮವರಿಗೆ ಕೇಳಿಸಿದೆ. ನಮ್ಮವರು ಹೋಟೆಲಿನಲ್ಲಿ ಫ್ರಂಟ್ ಆಫೀಸು. ನಗುಮುಖ ಇಟ್ಟುಕೊಂಡು ಏನನ್ನಾದರೂ ಕೇಳಿಸಿಕೊಳ್ಳುವುದೇ ಅವರ ಉದ್ಯೋಗ. ಆದರೂ ಮೂರು ನಿಮಿಷಕ್ಕೆ ಸೋತರು.

"ಇದೆಂತ ಮಾರಾಯ್ತಿ, ಸಂಗೀತವಾ ಅಲ್ಲ ಯಾರಾದ್ರೂ ಪಾತ್ರೆ ಬೀಳಿಸಿದ್ದಾ?"

ಸುಳ್ಳು ಯಾಕೆ ಹೇಳಲಿ, ನನಗೂ ತಲೆಬುಡ ಅರ್ಥವಾಗಿರಲಿಲ್ಲ. ಆದರೆ ಸ್ವರಗಳನ್ನು ಓದಲು ನನಗೆ ಬರುತ್ತಿತ್ತು. ಊರಿನ ಇಗರ್ಜಿಯಲ್ಲಿ, ಚರ್ಚ್ ಕಾಯರ್‌ನಲ್ಲಿ ಹದಿನೈದು ವರ್ಷ ಹಾಡಿದವಳು, ಹಬ್ಬದ ಪೂಜೆಗೆ ಎಲ್ಲರ ಪುಸ್ತಕಕ್ಕೂ ಹಾಡುಗಳನ್ನು ನಕಲು ಮಾಡಿಕೊಟ್ಟವಳು ನಾನು. ಮೊದಲು ಐದೈದು ಗೆರೆ ಎಳೆದು, ಅವನ್ನು ನೆಟ್ಟಗಿನ ಗೀಟುಗಳಿಂದ ಮನೆ ಮನೆಯಾಗಿ ಭಾಗಿಸಿಕೊಳ್ಳುತ್ತಿದ್ದೆವು. ಆ ಮೇಲೆ ಸ್ವರ ತುಂಬುವುದು. ಹಾಡು ಮುಗಿದಲ್ಲಿ ಜೋಡಿಗೀಟು ಹಾಕಿಬಿಟ್ಟರೆ ಕೆಲಸ ಮುಗಿಯಿತು. ಮಿಕ್ಕ ಖಾಲಿ ಮನೆಗಳು ಹಾಗೇ ಮಿಕ್ಕಿರುತ್ತಿದ್ದವು. ಈ ವಿವರ ಯಾಕೆ ಹೇಳುತ್ತಿದ್ದೇನೆಂದರೆ, ಟೀಚರ್ ಅವರ ಬದುಕಿನ ಕೊನೆಯ ದೊಡ್ಡ ಕೃತಿಯನ್ನು ಕೆಡಿಸಿದವಳು ನಾನು, ಕೆಡಿಸಿದ್ದು ಈ ಅಭ್ಯಾಸದಿಂದ.

ಒಂದು ಸಂಜೆ ಅವರು ಬಾಗಿಲು ಬಡಿದು ಬಂದಾಗ ಮುಖ ಹುಡುಗಿಯ ಮುಖದಂತಿತ್ತು. ಅಬುಧಾಬಿಯಲ್ಲಿ ಹೊಸ ಸಂಗೀತದ ಒಂದು ಕಾರ್ಯಕ್ರಮ, ಏಳು ಜನರ ತಂತಿವಾದ್ಯಗಳ ವೃಂದ, ಅದಕ್ಕೆ ಒಂದು ಕೃತಿ ಬರೆದುಕೊಡಿ ಎಂದು ಕೇಳಿದ್ದರಂತೆ. ಹನ್ನೊಂದು ವರ್ಷಗಳ ನಂತರ ಬಂದ ಕರೆ.

"ಈ ಸಲ ಅಪ್ಪನಿಗೆ ಬರೆಯುತ್ತೇನೆ," ಅಂದರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಅಪ್ಪನಿಗೆ ತೊಂಬತ್ತು ದಾಟಿತು. ಮಗ್ಗದ ಸದ್ದಿಗೆ ಕಿವಿ ಹೋಗಿ ನಲವತ್ತು ವರ್ಷ. ನನ್ನ ಒಂದು ಕೃತಿಯನ್ನೂ ಅವರು ಕೇಳಿಲ್ಲ. ಇದನ್ನು ಅವರೂ ಕೇಳಬಹುದು, ಹಾಗೆ ಬರೆಯುತ್ತಿದ್ದೇನೆ."

ಕಿವುಡರು ಅದು ಹೇಗೆ ಕೇಳುತ್ತಾರೆ ಎಂದು ನಾನು ಕೇಳಲಿಲ್ಲ. ದೊಡ್ಡವರ ವಿಷಯ, ನನಗೇಕೆ ಅಂದುಕೊಂಡೆ. ಈಗ ಅನ್ನಿಸುತ್ತದೆ, ಎಲ್ಲದರಲ್ಲೂ ಮೂಗು ತೂರಿಸುವ ನಾನು ಅದೊಂದು ದಿನ ಯಾಕೆ ಸುಮ್ಮನಿದ್ದೆ...

ಬರೆದು ಮುಗಿಸುವ ಹೊತ್ತಿಗೆ ಅವರ ಕಣ್ಣು ಮಂಜಾಗಿ ಪೊರೆಯ ಆಪರೇಷನ್ ಆಯಿತು. ವಾದ್ಯಗಾರರಿಗೆ ಕಂಪ್ಯೂಟರಿನಲ್ಲಿ ಟೈಪಾದ ಪ್ರತಿ ಬೇಕು, ಗಡುವು ಹತ್ತಿರ. ನಾನು ಮಾಡಿಕೊಡುತ್ತೇನೆ ಎಂದೆ. ನನ್ನ ಕೆಲಸವೂ ಅಂಥದ್ದೇ. ಒಂದು ಕಟ್ಟಡದ ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್; ಇಂಜಿನಿಯರುಗಳು ಕೊಟ್ಟ ಕಾಗದಗಳನ್ನು ಶುದ್ಧ ಮಾಡಿ, ನಂಬರು ಹಾಕಿ, ಮುದ್ರೆ ಒತ್ತಿ ಕಳಿಸುವವಳು. ಖಾಲಿ ಪುಟವೊಂದು ಹೊರಗೆ ಹೋಯಿತೆಂದರೆ ನಮ್ಮಲ್ಲಿ ರಾದ್ಧಾಂತ.

ಮೂರು ವಾರ ಸಂಜೆ ಸಂಜೆ ಕೂತೆ. ಟೀಚರ್ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಂಚದ ಮೇಲೆ ಒರಗಿ ನನ್ನ ಅನುಮಾನಗಳಿಗೆ ಉತ್ತರ ಹೇಳುತ್ತಿದ್ದರು. ಕೃತಿಯ ತುಂಬ ದಡಬಡ, ಏಳೂ ವಾದ್ಯಗಳು ಒಂದರ ಮೇಲೊಂದು ಬಿದ್ದು ಓಡುತ್ತಿದ್ದವು. ಕೊನೆಗೆ ಒಮ್ಮೆಗೇ ಎಲ್ಲವೂ ಒಂದೇ ಏಟಿಗೆ ನಿಲ್ಲುತ್ತಿದ್ದವು. ಅದರಾಚೆ ಎರಡು ಪುಟಗಳಲ್ಲಿ ಬರೀ ಗೆರೆ, ಬರೀ ಮನೆ. ಒಂದು ಸ್ವರವೂ ಇಲ್ಲ. ಮೂಲೆಯಲ್ಲಿ ಚೀನೀ ಭಾಷೆಯಲ್ಲಿ ಒಂದು ಸಾಲು. ಟೀಚರ್ ಅಷ್ಟರಲ್ಲಿ ಔಷಧಿಯ ಮಂಪರಿಗೆ ನಿದ್ದೆ ಹೋಗಿದ್ದರು. ಪಾಪ, ಮೊದಲೇ ಗೆರೆ ಎಳೆದಿಟ್ಟುಕೊಂಡವರು, ಮಿಕ್ಕಿದೆ ಅಂದುಕೊಂಡೆ. ಕೊನೆಯ ಏಟಿನ ನಂತರ ಅಚ್ಚುಕಟ್ಟಾಗಿ ಜೋಡಿಗೀಟು ಹಾಕಿ ಫೈಲು ಕಳಿಸಿಬಿಟ್ಟೆ. ಎರಡು ಪುಟ ಉಳಿಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಬೇರೆ.

ರಿಹರ್ಸಲ್‌ಗಳು ಅಬುಧಾಬಿಯಲ್ಲಿ, ಟೀಚರ್‌ಗೆ ಇಲ್ಲಿ ಕ್ಲಾಸು. ಒಂದೇ ಒಂದು ದಿನ ಹೋಗಿ ಬಂದರು. ಹೊತ್ತಾಯಿತೆಂದು ಕೊನೆಯ ಏಟಿನವರೆಗೆ ನುಡಿಸಿ ಎಲ್ಲರೂ ಎದ್ದರಂತೆ. "ನಂತರದ್ದು ಅವರಿಗೆ ಕಷ್ಟವಿಲ್ಲ ಬಿಡು," ಎಂದು ನಗುತ್ತ ಹೇಳಿದರು. ಅವರು ಯಾವ ನಂತರದ್ದನ್ನು ಹೇಳುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ನನ್ನ ಮಂಡೆಗೆ ಏನಾಗಿತ್ತೋ!

ಶನಿವಾರ ಮಧ್ಯಾಹ್ನದ ಕಾರ್ಯಕ್ರಮ. ನಮ್ಮವರು ರಜೆ ಹಾಕಿ ಕಾರು ತೆಗೆದರು. ಟೀಚರ್ ಕಪ್ಪು ರೇಷ್ಮೆಯ ಅಂಗಿ ಹಾಕಿದ್ದರು, ಮಡಿಕೆಯ ಗುರುತು ಇನ್ನೂ ಹಾಗೇ ಇತ್ತು. ಹಾಲ್‌ನಲ್ಲಿ ಕೂತ ಮೇಲೆ ತಮ್ಮ ಫೋನನ್ನು ನನ್ನ ಕೈಗಿಟ್ಟರು. ಎಲ್ಲವನ್ನೂ ರೆಕಾರ್ಡ್ ಮಾಡಬೇಕು, ಅಪ್ಪನಿಗೆ ಕಳಿಸಲು.

"ಕೊನೆಯಲ್ಲಿ ಚಪ್ಪಾಳೆ ತಟ್ಟಬೇಡ. ಕೈ ಅಲುಗಿಸಬೇಡ. ಅಪ್ಪನಿಗೆ ಆ ಭಾಗ ಸರಿಯಾಗಿ ಕಾಣಬೇಕು."

ಅಲುಗಿಸಲಿಲ್ಲ. ಹದಿನಾಲ್ಕು ನಿಮಿಷ ಉಸಿರು ಬಿಗಿಹಿಡಿದು ಫೋನು ಹಿಡಿದೆ. ನಾನೇ ಟೈಪ್ ಮಾಡಿದ ಸ್ವರಗಳು ಎದುರಿಗೆ ಜೀವ ಬಂದು ಕುಣಿಯುತ್ತಿದ್ದವು. ಆ ಗದ್ದಲದಲ್ಲಿ ಒಂದು ಲಯ ಇದೆ ಎಂದು ಮೊದಲ ಸಲ ತಿಳಿಯಿತು, ಮೈ ನವಿರೆದ್ದಿತು. ಕೊನೆಯ ಏಟು ಬಿತ್ತು. ಕಂಡಕ್ಟರ್ ಕೈ ಕೆಳಗಿಳಿಸಿ ತಿರುಗಿ ನಕ್ಕರು. ಹಾಲ್ ತುಂಬ ಚಪ್ಪಾಳೆ.

ಪಕ್ಕಕ್ಕೆ ನೋಡಿದೆ. ಟೀಚರ್ ಅರ್ಧ ಎದ್ದಿದ್ದರು. ಬಲಗೈ ಮುಂದೆ ಚಾಚಿ, ಅಂಗೈ ಎತ್ತಿ, ಎಲ್ಲರನ್ನೂ ತಡೆಯುವ ಹಾಗೆ. ಯಾರೂ ಅವರ ಕಡೆ ನೋಡಲಿಲ್ಲ. ಆ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ಇತ್ತು. ಆಮೇಲೆ ಅದನ್ನು ಮೆಲ್ಲಗೆ ಮಡಿಲಿಗೆ ತಂದುಕೊಂಡರು. ವೇದಿಕೆಗೆ ಕರೆದಾಗ ಹೋಗಿ, ಬಾಗಿ ವಂದಿಸಿ, ಹೂಗುಚ್ಛ ತೆಗೆದುಕೊಂಡು ಬಂದರು.

ದಾರಿಯಲ್ಲಿ ನಾನೊಬ್ಬಳೇ ಮಾತು. ಸೂಪರ್ ಆಯಿತು, ಎಷ್ಟು ಚಪ್ಪಾಳೆ, ಮುಂದಿನ ಸಾಲಿನವರು ಎದ್ದೇ ನಿಂತರು... ಜಬಲ್ ಅಲಿ ದಾಟಿದ ಮೇಲೆ ಟೀಚರ್ ಮೆತ್ತಗೆ ಕೇಳಿದರು.

"ಕೊನೆಯ ಎರಡು ಪುಟ?"

"ಅದು ಖಾಲಿ ಇತ್ತಲ್ಲ ಟೀಚರ್. ತೆಗೆದೆ."

ಅವರು ಕಿಟಕಿಯ ಕಡೆ ತಿರುಗಿದರು. "ಹೌದು, ಖಾಲಿ ಇತ್ತು," ಅಂದರು. ಆಮೇಲೆ ನನ್ನ ಕೈ ತಟ್ಟಿದರು. ನಮ್ಮವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಸಂಗೀತ ಗೊತ್ತಿಲ್ಲದ ಆ ಮನುಷ್ಯನಿಗೆ ನನಗಿಂತ ಮೊದಲು ಗೊತ್ತಾಗಿತ್ತು.

ಮರುದಿನ, ಟೈಪ್ ಮಾಡುವಾಗ ಫೋನಿನಲ್ಲಿ ತೆಗೆದಿಟ್ಟುಕೊಂಡಿದ್ದ ಆ ಚೀನೀ ಸಾಲಿನ ಫೋಟೊವನ್ನು ನಮ್ಮ ಕಟ್ಟಡದ ಕೆಳಗಿನ ಚೀನೀ ಅಂಗಡಿಯ ಹೆಂಗಸಿಗೆ ತೋರಿಸಿದೆ. ಆಕೆ ತರಕಾರಿ ತೂಗುತ್ತಲೇ ಓದಿ ಹೇಳಿದರು. "ಯಂತ್ರ ನಿಂತಿತು. ಅಪ್ಪ ಈಗ ಬರುತ್ತಾರೆ."

ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಟೀಚರ್ ಮನೆ ಬಾಗಿಲಲ್ಲಿ ನಿಂತು ಗೊಳೋ ಎಂದು ಅತ್ತೆ. ಅವರು ಒಳಗೆ ಕೂರಿಸಿ, ಬಿಸಿನೀರು ಕೊಟ್ಟು, ಎಲ್ಲ ಹೇಳಿದರು. ಶಿಫ್ಟು ಮುಗಿಯುವ ಹೊತ್ತಿಗೆ ಗಿರಣಿಯ ಗೇಟಿನಲ್ಲಿ ಪುಟ್ಟ ಹುಡುಗಿ ಅಪ್ಪನಿಗಾಗಿ ಕಾಯುತ್ತಿದ್ದಳು. ನೂರಾರು ಮಗ್ಗಗಳ ಸದ್ದಿಗೆ ನೆಲ ನಡುಗುತ್ತಿತ್ತು. ಒಮ್ಮೆಗೇ ಎಲ್ಲವೂ ನಿಲ್ಲುತ್ತಿದ್ದವು. ಆ ಮೇಲೆ ಅಪ್ಪ ಹೊರಗೆ ಬರುವ ತನಕ ಒಂದೂವರೆ ನಿಮಿಷ ಏನೂ ಕೇಳಿಸುತ್ತಿರಲಿಲ್ಲ. ಬಾಗಿಲಿಗೆ ಬಂದ ಅಪ್ಪ ಮೊದಲು ತಿರುಗಿ ನೋಡುತ್ತಿದ್ದದ್ದು ಗೇಟಿನ ಕಡೆ, ಮಗಳು ಇದ್ದಾಳಾ ಎಂದು.

"ಆ ಒಂದೂವರೆ ನಿಮಿಷ ಅಪ್ಪನಿಗೂ ನನಗೂ ಒಂದೇ," ಅಂದರು ಟೀಚರ್. "ಏಳು ಜನ ಕಮಾನು ಎತ್ತಿ ಹಿಡಿದು ಅಲುಗದೆ ಕೂತರೆ ಅಪ್ಪನಿಗೆ ಕಾಣುತ್ತದೆ. ಕಂಡರೆ ಕೇಳಿದ ಹಾಗೆಯೇ."

ಅಳುವಿನ ನಡುವೆಯೂ ನನ್ನೊಳಗಿನ ಡಾಕ್ಯುಮೆಂಟ್ ಕಂಟ್ರೋಲರ್ ಸುಮ್ಮನಿರಲಿಲ್ಲ. "ನಮ್ಮ ಆಫೀಸಿನಲ್ಲಾದರೆ, 'ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ' ಎಂದು ಬರೆಯಬೇಕು ಟೀಚರ್. ನೀವು ಬರೆಯಲೇ ಇಲ್ಲ!" ಎಂದೆ. ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಪರೇಷನ್ ಆದ ಕಣ್ಣಲ್ಲಿ ನೀರು ಬರುವಷ್ಟು. ಆ ನಗುವಿನಲ್ಲಿ ನನಗೆ ಕ್ಷಮೆ ಸಿಕ್ಕಿತು. ಆದರೆ ಅವರ ಅಪ್ಪನಿಗೆ ಸಿಗಬೇಕಾದದ್ದು ಸಿಗಲಿಲ್ಲವಲ್ಲ. ವಿಡಿಯೊ ಕಳಿಸದೆ ಹಾಗೇ ಇಟ್ಟುಕೊಂಡಿದ್ದರು.

ಏಳು ಜನರನ್ನು ಮತ್ತೆ ಕೂರಿಸುವುದು ನಮ್ಮಿಂದಾಗುವ ಮಾತಲ್ಲ. ಮುಂದಿನ ಶನಿವಾರ ಬೆಳಿಗ್ಗೆ ನಾವು ಮೂವರು ಟೀಚರ್ ಮನೆಯಲ್ಲೇ ಸೇರಿದೆವು. ಅವರು ಕೃತಿಯ ಕೊನೆಯ ಭಾಗವನ್ನು ಪಿಯಾನೊದಲ್ಲಿ ನುಡಿಸುವುದು, ನಾನು ರೆಕಾರ್ಡ್ ಮಾಡುವುದು. ಕಿವಿ ಕೇಳದವರಿಗೆ ಸದ್ದಾದರೇನು, ಆಗದಿದ್ದರೇನು? ಆದರೂ ಟೀಚರ್ ಒಪ್ಪಲಿಲ್ಲ, ಮೌನ ಅಂದರೆ ಮೌನವೇ ಆಗಬೇಕು. ದುಬೈ ಮನೆ ಎಷ್ಟು ಗಲಾಟೆ ಮಾಡುತ್ತದೆ ಎಂದು ಅವತ್ತು ಗೊತ್ತಾಯಿತು. ಎಸಿ ನಿಲ್ಲಿಸಿದೆವು, ಫ್ರಿಜ್ಜು ಗುರ್ ಎಂದಿತು. ಅದನ್ನು ನಿಲ್ಲಿಸಿದರೆ ಬಚ್ಚಲಿನ ಫ್ಯಾನು. ಅದೂ ನಿಂತ ಮೇಲೆ ಗೋಡೆ ಗಡಿಯಾರ. ನಮ್ಮವರು ಅದರ ಸೆಲ್ಲು ಕಿತ್ತು ಜೇಬಿಗೆ ಹಾಕಿಕೊಂಡರು. ಆಮೇಲೆ ಕಾರಿಡಾರಿಗೆ ಹೋಗಿ, ಹೋಟೆಲಿನ ನಗುಮುಖ ಹೊತ್ತು, ಓಡಾಡುವವರನ್ನೆಲ್ಲ ನಿಲ್ಲಿಸಿದರು.

ಜೂನ್ ತಿಂಗಳು. ಐದು ನಿಮಿಷಕ್ಕೆ ಕೋಣೆ ಒಲೆಯಾಯಿತು. ಟೀಚರ್ ದಡಬಡ ನುಡಿಸಿದರು. ಕೊನೆಯ ಏಟು. ಕೈಗಳನ್ನು ಎತ್ತಿ ಗಾಳಿಯಲ್ಲೇ ಹಿಡಿದರು. ಹಣೆಯಿಂದ ಬೆವರು ಇಳಿದು, ಹುಬ್ಬಿನ ಬಳಿ ನಿಂತು, ಕೆನ್ನೆಗೆ ಜಾರಿತು. ಒರೆಸಿಕೊಳ್ಳಲಿಲ್ಲ. ಒಂದೂವರೆ ನಿಮಿಷ ಇಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ... ಆ ಹೊತ್ತಿನಲ್ಲಿ ನನಗೆ ಯಾರದೋ ಗಿರಣಿ ಅಲ್ಲ, ನನ್ನ ಅಪ್ಪ ದೋಣಿ ಇಳಿದು ಬರುವುದನ್ನು ಕಾಯುತ್ತಿದ್ದ ಸಂಜೆಗಳೇ ಕಂಡವು. ಅಷ್ಟು ಪ್ರೀತಿ ಆ ಖಾಲಿ ಮನೆಗಳಲ್ಲಿತ್ತು, ನಾನು ಅದನ್ನೇ ಕಿತ್ತು ಹಾಕಿದ್ದೆ.

ರೆಕಾರ್ಡಿಂಗ್ ಕಳಿಸಿ ಎರಡು ದಿನ ಬಿಟ್ಟು ಚೀನಾದಿಂದ ಅವರ ತಂಗಿ ಒಂದು ವಿಡಿಯೊ ಕಳಿಸಿದರು. ಟೀಚರ್ ನನ್ನನ್ನು ಕರೆದು ತೋರಿಸಿದರು. ಕುರ್ಚಿಯಲ್ಲಿ ಮುದುಡಿ ಕೂತ ಮುದುಕರು, ಕೈಯಲ್ಲಿ ಫೋನು. ಮಗಳು ನುಡಿಸುತ್ತಿರುವಷ್ಟು ಹೊತ್ತೂ ಬೇಸರದಿಂದ ನೋಡುತ್ತಿದ್ದರು. ಅವಳ ಕೈ ನಿಂತೊಡನೆ ಸ್ವಲ್ಪ ಮುಂದಕ್ಕೆ ಬಾಗಿದರು. ನೋಡಿದರು, ನೋಡಿದರು. ಆಮೇಲೆ ಫೋನು ಕೆಳಗಿಟ್ಟು ಕತ್ತು ತಿರುಗಿಸಿ ಮನೆಯ ಬಾಗಿಲಿನ ಕಡೆ ನೋಡತೊಡಗಿದರು.

"ನಾನು ಅಲ್ಲಿ ಇಲ್ಲ," ಅಂದರು ಟೀಚರ್.

ಎರಡು ತಿಂಗಳಲ್ಲಿ ಕೆಲಸ ಬಿಟ್ಟು, ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟರು. ಪಿಯಾನೊ ಅವರ ಶಿಷ್ಯೆಯೊಬ್ಬಳ ಮನೆ ಸೇರಿತು. ಕಾಗದವೆಲ್ಲ ಅವರ ಜೊತೆ ಹೋಯಿತು, ನಾನು ಟೈಪ್ ಮಾಡಿದ ಫೈಲೂ. ಡಬ್ಬಿಗಳನ್ನು ಬದಲಾಯಿಸಿಕೊಂಡೆವು: ನನ್ನ ಜುಮ್ಮನಕಾಯಿಯ ಡಬ್ಬಿ ಅವರಿಗೆ, ಅವರದ್ದು ನನಗೆ. ಅಪ್ಪನ ಜೊತೆ ಮೂರು ವರ್ಷ ಸಿಕ್ಕಿತಂತೆ. ಆಗಾಗ ಫೋಟೊ ಕಳಿಸುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಫೋಟೊಗಳು ಕಡಿಮೆಯಾದವು, ಆಮೇಲೆ ನಿಂತವು.

ಎಂಟು ತಿಂಗಳ ಹಿಂದೆ ಅವರ ತಂಗಿಯಿಂದ ಒಂದು ಪಾರ್ಸೆಲ್ ಬಂತು. ಅಕ್ಕ ಚಳಿಗಾಲದಲ್ಲಿ ಹೋಗಿಬಿಟ್ಟಳು, ನಿಮಗೆ ಇದನ್ನು ಕಳಿಸಲು ಹೇಳಿದ್ದಳು ಎಂದು ಎರಡು ಸಾಲು. ಒಳಗೆ ಆ ಕೃತಿಯ ಅಚ್ಚಾದ ಪುಸ್ತಕ. ಮೊದಲ ಪುಟ ನೋಡಿದರೆ ನಾನು ಟೈಪ್ ಮಾಡಿದ್ದೇ. ಕೊನೆಯ ಪುಟದಲ್ಲಿ ನನ್ನ ಜೋಡಿಗೀಟು ಹಾಗೇ ಇದ್ದರೆ? ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಪಾಸ್‌ಪೋರ್ಟುಗಳಿರುವ ಡ್ರಾಯರಿನಲ್ಲಿ ಇಟ್ಟವಳು ಮತ್ತೆ ಮುಟ್ಟಲಿಲ್ಲ.

ಜುಮ್ಮನಕಾಯಿಯ ವಾಸನೆ ಕೋಣೆಯಲ್ಲೆಲ್ಲ ಹರಡಿತ್ತು. ಎದ್ದು ಹೋಗಿ ಪುಸ್ತಕ ತೆಗೆದು ತಂದೆ. ಕೊನೆಯಿಂದ ಮೂರನೆಯ ಪುಟ, ಆ ಒಂದೇ ಏಟು. ಜೋಡಿಗೀಟು ಇರಲಿಲ್ಲ. ಪುಟ ತಿರುಗಿಸಿದೆ. ಬರೀ ಗೆರೆ, ಬರೀ ಮನೆ, ಇಪ್ಪತ್ತನಾಲ್ಕು ಮನೆ. ಕೆಳಗೆ ನಮ್ಮ ಆಫೀಸಿನ ಸಾಲು, ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ: ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ.

ನಕ್ಕೆನೋ ಅತ್ತೆನೋ ತಿಳಿಯದು. ಎಸಿ ನಿಲ್ಲಿಸಿದೆ, ಫ್ರಿಜ್ಜು ನಿಲ್ಲಿಸಿದೆ, ಪುಸ್ತಕವನ್ನು ಮೇಜಿನ ಮೇಲೆ ಬಿಡಿಸಿಟ್ಟುಕೊಂಡು ಮೊದಲ ಖಾಲಿ ಮನೆಯಿಂದ ಬೆರಳಿಟ್ಟು ನಿಧಾನವಾಗಿ ಎಣಿಸತೊಡಗಿದೆ. ಡ್ಯೂಟಿ ಮುಗಿಸಿ ಬಂದ ನಮ್ಮವರು ಬಾಗಿಲು ತೆಗೆದು, ಸೆಕೆಗೆ ಬೆಚ್ಚಿ, ಏನೋ ಕೇಳಲು ಬಾಯಿ ತೆರೆದರು.

ನಾನು ಅಂಗೈ ಎತ್ತಿ ತಡೆದೆ. ಇನ್ನೂ ನಾಲ್ಕು ಮನೆ ಬಾಕಿ ಇತ್ತು.